ಹೆಬ್ಬೆಟ್ಟು ಒತ್ತದ ಲೇಖಕಿಯರು

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಮೂರ್ತಿ ಇಟ್ಟುಕೊಂಡಿದ್ದ ಸೈಬರ್ ಅಂಗಡಿಯಲ್ಲಿ ಆ ಮಧ್ಯಾಹ್ನ ಕರೆಂಟೂ ಇತ್ತು, ಫೋನ್ ಲೈನೂ ಇತ್ತು. ಎರಡು ಸಾವಿರದ ಆರನೇ ಇಸವಿಯಲ್ಲಿ ಇವೆರಡೂ ಒಟ್ಟಿಗೆ ಸಿಗುವುದೆಂದರೆ ಕಂಕಣಬಲ ಕೂಡಿ ಬಂದಂತೆ. ಅಂಥ ಗಳಿಗೆಯಲ್ಲಿ ಯಾರಿಗಾದರೂ ಒಳ್ಳೆಯದು ಆಗಿಯೇ ತೀರುತ್ತದೆ ಎಂದು ಮೂರ್ತಿ ನಂಬಿದ್ದ. ಸುಕನ್ಯಳ ಪಾಲಿಗೆ ಅದು ಸುಳ್ಳಾಗಲಿಲ್ಲ. ಅವಳು ಬರೆದು ಕಳಿಸಿದ್ದ ಲೇಖನವನ್ನು ಹೊರದೇಶದ ಒಂದು ದೊಡ್ಡ ಸಂಶೋಧನಾ ಪತ್ರಿಕೆ ಒಪ್ಪಿಕೊಂಡಿದೆ ಎಂಬ ಮೇಲ್ ಬಂದಿತ್ತು. ಅವಳು ಅದನ್ನು ಮೊದಲು ಮನಸ್ಸಿನಲ್ಲಿ ಓದಿದಳು, ಆಮೇಲೆ ಮೂರ್ತಿಗೆ ಓದಿ ಹೇಳಿದಳು, ಕೊನೆಗೆ ಪಕ್ಕದ ಕುರ್ಚಿಯಲ್ಲಿ ರೈಲು ಟಿಕೆಟು ನೋಡುತ್ತಿದ್ದ ಪರಿಚಯವಿಲ್ಲದ ಮನುಷ್ಯನಿಗೂ ಓದಿ ಹೇಳಿದಳು. ಆತ ಪಾಪ, ಒಳ್ಳೆಯದಾಯಿತಮ್ಮ ಎಂದ.

ಸುಕನ್ಯ ಊರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿ. ಅರೆಕಾಲಿಕ ಎಂದರೆ ಕೆಲಸ ಪೂರ್ತಿ, ಮರ್ಯಾದೆ ಅರ್ಧ. ಪ್ರತಿ ಬೇಸಿಗೆಯಲ್ಲೂ ಅವಳನ್ನು ಮನೆಗೆ ಕಳಿಸಿ, ಮಳೆ ಶುರುವಾದ ಮೇಲೆ ಮತ್ತೆ ಕರೆಯುತ್ತಿದ್ದರು. ಬರುವ ಜೂನ್ ತಿಂಗಳಲ್ಲಿ ಆ ಹುದ್ದೆಗೆ ಖಾಯಂ ಆಗಿ ಒಬ್ಬರನ್ನು ತೆಗೆದುಕೊಳ್ಳುವುದಿತ್ತು. ಹೊರದೇಶದ ಪತ್ರಿಕೆಯಲ್ಲಿ ಒಂದೇ ಒಂದು ಲೇಖನ ಬಂದಿದ್ದರೆ ಸಾಕು, ಸಂದರ್ಶನದಲ್ಲಿ ಯಾರೂ ನಿನ್ನನ್ನು ಅಲುಗಾಡಿಸಲಾರರು ಎಂದು ಪ್ರಿನ್ಸಿಪಾಲ್ ಯಶೋದಮ್ಮನವರೇ ಹೇಳಿದ್ದರು. ಯಶೋದಮ್ಮನವರದು ಬಾಯಿ ಖಾರ, ಮನಸ್ಸು ಮೆತ್ತಗೆ. ಆದರೆ ಆ ಮೆತ್ತಗಿನ ಮನಸ್ಸನ್ನು ಕಂಡವರು ಕಡಿಮೆ.

ಲೇಖನ ಯಾವುದರ ಮೇಲೆ ಎಂದು ಕೇಳಿದರೆ ಕಾಲೇಜಿನಲ್ಲಿ ಕೆಲವರು ಈಗಲೂ ನಗುತ್ತಾರೆ. ಬೆರಕೆ ಸೊಪ್ಪಿನ ಮೇಲೆ. ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಮಡಿಲಿಗೆ ಹಾಕಿಕೊಂಡು ಬರುವ ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ, ಕಿರಕಸಾಲೆ ಇವೆಲ್ಲ ಸೇರಿದರೆ ಬೆರಕೆ ಸೊಪ್ಪು. ಯಾರೂ ಬಿತ್ತುವುದಿಲ್ಲ, ಯಾರೂ ಮಾರುವುದಿಲ್ಲ, ಬಸ್ಸಾರು ಮಾಡಿ ಮುದ್ದೆ ಮುರಿದರೆ ಅದರ ಮುಂದೆ ಮದುವೆ ಊಟವೂ ಸಪ್ಪೆ. ಪಿರಿಯಾಪಟ್ಟಣದ ಕಡೆಯ ಹೊಲಗಳಲ್ಲಿ ಇಂಥ ಸೊಪ್ಪು ಎಷ್ಟು ಬಗೆಯವು ಇವೆ, ಯಾವುದು ಯಾವ ಮಳೆಗೆ ಹುಟ್ಟುತ್ತದೆ, ಯಾವುದನ್ನು ಯಾವುದರ ಜೊತೆ ಬೆರೆಸಬಾರದು ಎಂಬುದನ್ನೆಲ್ಲ ಸುಕನ್ಯ ಬರೆದಿದ್ದಳು. ಒಂದೊಂದು ಸೊಪ್ಪಿನ ಚಿತ್ರವನ್ನೂ ತಾನೇ ಪೆನ್ನಿನಲ್ಲಿ ಬಿಡಿಸಿದ್ದಳು.

ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವರು ಕಂಪಲಾಪುರದ ನಾಲ್ವರು ಹೆಂಗಸರು. ಕೆಂಪಾಜಮ್ಮ ಸುಕನ್ಯಳ ಸೋದರತ್ತೆ, ತಂಡಕ್ಕೆ ದೊಡ್ಡವಳು. ಪುಟ್ಟತಾಯಮ್ಮ ಆ ನಾಲ್ವರಲ್ಲಿ ಸಹಿ ಹಾಕಲು ಕಲಿತಿದ್ದ ಒಬ್ಬಳೇ ಹೆಂಗಸು, ಅದನ್ನು ಮರೆಯಲು ಉಳಿದವರಿಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ರಾಚಮ್ಮ ಮಾತು ಕಡಿಮೆಯವಳು. ಅವಳು ಉಳಿಸಿದ ಮಾತನ್ನೆಲ್ಲ ಚಿಕ್ಕಬೀರಮ್ಮ ಆಡುತ್ತಿದ್ದಳು. ಈ ನಾಲ್ವರೂ ಮುಯ್ಯಾಳು ತಂಡದವರು. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಕೂಲಿ ಇಲ್ಲ, ಹೊಲದವರು ಮಧ್ಯಾಹ್ನ ಊಟ ಹಾಕಬೇಕು, ಮಾಡಿದ ಕೆಲಸವನ್ನು ಕೆಲಸದಲ್ಲೇ ತೀರಿಸಬೇಕು. ಮುಯ್ಯಿ ಉಳಿಸಿಕೊಂಡವರನ್ನು ಆ ಊರಿನಲ್ಲಿ ಯಾರೂ ಬೈಯುವುದಿಲ್ಲ, ಮುಂದಿನ ಸಲ ಕರೆಯುವುದಿಲ್ಲ, ಅಷ್ಟೇ. ಬೈದರೇ ವಾಸಿ.

ಎರಡು ಮುಂಗಾರು ಅವರ ಹಿಂದೆಯೇ ಅಲೆದ ಸುಕನ್ಯ, ಈ ಮುಯ್ಯಿಯನ್ನು ಹೇಗೆ ತೀರಿಸಲಿ ಎಂದು ಅತ್ತೆಯನ್ನು ಕೇಳಿದ್ದಳು. ನೀನು ಬರೆದದ್ದು, ಪಟ ಸಮೇತ, ನಮ್ಮ ಒಂದೊಂದು ಮನೆಗೂ ಬರಬೇಕು, ನಮ್ಮ ಸೊಸೆಯಂದಿರಿಗೆ ಅಣ್ಣೆ ಯಾವುದು ಗಣಿಕೆ ಯಾವುದು ಗೊತ್ತಿಲ್ಲ ಎಂದು ಕೆಂಪಾಜಮ್ಮ ಹೇಳಿದಳು. ಸುಕನ್ಯ ಮಾತು ಕೊಟ್ಟಳು. ಅಲ್ಲಿಗೆ ಸುಮ್ಮನಿರದೆ ಇನ್ನೊಂದು ಕೆಲಸವನ್ನೂ ಮಾಡಿದಳು. ಲೇಖನದ ತಲೆಯ ಮೇಲೆ ಲೇಖಕರ ಹೆಸರು ಬರೆಯುವ ಜಾಗದಲ್ಲಿ ಐದು ಹೆಸರು ಹಾಕಿದಳು. ಮುಯ್ಯಾಳಿನಲ್ಲಿ ಬಗ್ಗಿ ಕೆಲಸ ಮಾಡಿದವರೆಲ್ಲ ಒಂದೇ ಲೆಕ್ಕ, ಮೊದಲ ಸಾಲು ಕೊನೆಯ ಸಾಲು ಎಂದಿಲ್ಲ. ಹುಟ್ಟಿದಾಗಿನಿಂದ ಕಂಡ ಈ ಪದ್ಧತಿ ಅವಳ ಕೈಯಿಂದ ತಾನಾಗಿ ಬರೆಸಿಕೊಂಡಿತು. ಯಶೋದಮ್ಮನವರು ಅದನ್ನು ನೋಡಿ ಕನ್ನಡಕ ತೆಗೆದರು. ಸಹಾಯ ಮಾಡಿದವರಿಗೆ ಕೊನೆಯಲ್ಲಿ ಒಂದು ಸಾಲು ವಂದನೆ ಹೇಳುತ್ತಾರೆ, ತಲೆಯ ಮೇಲೆ ಕೂರಿಸಿಕೊಳ್ಳುವುದಿಲ್ಲ, ಇದು ಮಂಗನ ಕೆಲಸ ಎಂದರು. ಅಷ್ಟರಲ್ಲಿ ಲೇಖನ ಹೋಗಿಯಾಗಿತ್ತು.

ಈಗ ಒಪ್ಪಿಗೆಯ ಹಿಂದೆಯೇ ಪತ್ರಿಕೆಯವರ ಕರಾರು ಪತ್ರ ಬಂತು. ಲೇಖನದ ಹಕ್ಕನ್ನು ಲೇಖಕರು ಪತ್ರಿಕೆಗೆ ಬರೆದುಕೊಡಬೇಕು, ಲೇಖಕರು ಎಷ್ಟು ಜನರೋ ಅಷ್ಟೂ ಜನ ಸಹಿ ಮಾಡಬೇಕು. ಒಬ್ಬರದು ತಪ್ಪಿದರೂ ಅಚ್ಚಿಗೆ ಹೋಗುವುದಿಲ್ಲ. ಸುಕನ್ಯ ಅದನ್ನು ಪ್ರಿಂಟ್ ತೆಗೆಸಿಕೊಂಡು, ಕಾಲು ಕೆಜಿ ಜಿಲೇಬಿ ಕಟ್ಟಿಸಿಕೊಂಡು, ಕಂಪಲಾಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಅವತ್ತು ಕಳೆ ನಡೆಯುತ್ತಿದ್ದದ್ದು ರಾಚಮ್ಮನ ಹೊಲದಲ್ಲಿ. ಜಿಲೇಬಿ ಮೊದಲು ಖಾಲಿಯಾಯಿತು. ಪುಟ್ಟತಾಯಮ್ಮ ಕೈ ಒರೆಸಿಕೊಂಡು ಎಲ್ಲಿ ಸೈನು ಹಾಕಬೇಕು ತೋರಿಸು ಎಂದು ಪೆನ್ನು ಕೇಳಿದಳು. ಕೆಂಪಾಜಮ್ಮ ಮಾತ್ರ ಬದುವಿನ ಮೇಲೆ ಕೂತವಳು ಎದ್ದು ಬರಲಿಲ್ಲ.

"ಓದ್ಸದೆ ಹೆಬ್ಬೆಟ್ ಒತ್ತಲ್ಲ ಕಣವ್ವ ನಾನು. ಓದು," ಎಂದಳು.

ಸುಕನ್ಯ ಓದತೊಡಗಿದಳು. ಇಂಗ್ಲಿಷಿನಲ್ಲಿ ಓದುವಾಗ ಅದು ನಾಲ್ಕು ಸಾಲಿನ ಸಾಮಾನ್ಯ ಕಾಗದದಂತೆ ಕಂಡಿತ್ತು. ಕನ್ನಡದಲ್ಲಿ, ಹೊಲದ ಮಧ್ಯೆ, ಅತ್ತೆಯ ಮುಖ ನೋಡಿಕೊಂಡು ಹೇಳುವಾಗ ಅವಳ ಬಾಯಿ ಒಂದೊಂದು ಸಾಲಿಗೂ ಒಣಗಿತು. ಈ ಬರಹ ಮತ್ತು ಇದರೊಳಗಿನ ಚಿತ್ರಗಳ ಎಲ್ಲ ಹಕ್ಕುಗಳನ್ನೂ, ಎಲ್ಲ ಭಾಷೆಗಳಲ್ಲೂ, ಲೋಕದ ಎಲ್ಲ ದೇಶಗಳಲ್ಲೂ, ಕಾನೂನು ಎಷ್ಟು ಕಾಲ ಬಿಡುತ್ತದೋ ಅಷ್ಟೂ ಕಾಲಕ್ಕೆ ಪತ್ರಿಕೆಗೆ ಬರೆದುಕೊಟ್ಟಿದ್ದೇವೆ ಎಂದು ಅದರಲ್ಲಿತ್ತು.

"ಚಂದ್ರಲೋಕ ಒಂದ್ ಬುಟ್ಟವ್ರೆ," ಎಂದಳು ಚಿಕ್ಕಬೀರಮ್ಮ.

ಕೆಂಪಾಜಮ್ಮ ನಗಲಿಲ್ಲ. ಒಂದಾದ ಮೇಲೆ ಒಂದು ಕೇಳುತ್ತ ಹೋದಳು. ನಾಳೆ ನಾವು ಸೊಪ್ಪು ಕೀಳಬಹುದೋ ಇಲ್ಲವೋ ಎಂದು ಕೇಳಿದಳು. ಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ಬರೆದದ್ದಕ್ಕೆ ಮಾತ್ರ ಎಂದು ಸುಕನ್ಯ ಹೇಳಿದಳು. ಬರೆದದ್ದನ್ನು, ಪಟವನ್ನು ನಾವು ನೋಡಬೇಕಾದರೆ? ದುಡ್ಡು ಕಟ್ಟಿ ಕೊಂಡುಕೊಳ್ಳಬೇಕು. ನಮಗೂ ಹಾಗೆಯೇ? ಸುಕನ್ಯ, ನನಗೆ ಒಂದು ಪ್ರತಿ ಕೊಡುತ್ತಾರೆ, ಅದನ್ನು ನಾನು ಹಂಚುವಂತಿಲ್ಲ, ಅವರನ್ನು ಕೇಳದೆ ಕನ್ನಡಕ್ಕೆ ಮಾಡುವಂತಿಲ್ಲ ಎಂದು ಒಪ್ಪಿಕೊಂಡಳು.

ಹಾಗಾದರೆ ಆ ಪತ್ರಿಕೆಯವನು ಅಷ್ಟೊಂದು ಏನು ಕೆಲಸ ಮಾಡುತ್ತಾನೆ ಎಂದು ಕೆಂಪಾಜಮ್ಮ ತಿಳಿಯಬಯಸಿದಳು. ಬರೆದವಳು ನೀನು, ಹೇಳಿದವರು ನಾವು. ಸುಕನ್ಯ ಪತ್ರಿಕೆಯ ಪರವಾಗಿ ನಿಂತು ವಿವರಿಸಿದಳು: ಬಂದ ಲೇಖನವನ್ನು ಬೇರೆ ಬೇರೆ ದೇಶದ ಮೇಷ್ಟ್ರುಗಳಿಗೆ ಕಳಿಸಿ ತಪ್ಪು ತಿದ್ದಿಸುತ್ತಾರೆ, ಚೆನ್ನಾಗಿ ಅಚ್ಚು ಹಾಕುತ್ತಾರೆ, ಖರ್ಚಿದೆ. ತಿದ್ದಿದ ಮೇಷ್ಟ್ರಿಗೆ ಏನು ಕೊಡುತ್ತಾರೆ? ಏನೂ ಇಲ್ಲ, ಇವತ್ತು ಅವರ ಲೇಖನ ಇವರು ನೋಡುತ್ತಾರೆ, ನಾಳೆ ಇವರದನ್ನು ಅವರು ನೋಡುತ್ತಾರೆ.

"ಅಂಗಾರೆ ಅದು ಮುಯ್ಯಿ ಕಣ," ಎಂದಳು ಕೆಂಪಾಜಮ್ಮ. "ಮುಯ್ಯಾಳ್ ಕರ್ದೋರು ಹಿಟ್ ಇಕ್ತಾರೆ. ಇವ್ನು ಹಿಟ್ಟೂ ಇಕ್ಕಕಿಲ್ವಾ?"

ಊಟವನ್ನೂ ಇಕ್ಕುವುದಿಲ್ಲ ಎಂದು ಸುಕನ್ಯ ಹೇಳಬೇಕಾಯಿತು. ಹೊಲವೆಲ್ಲ ನಕ್ಕಿತು. ರಾಚಮ್ಮ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸುಕನ್ಯಳಿಗೆ ಮಾತ್ರ ಅಳು ಬಂತು. ಜೂನ್ ತಿಂಗಳ ಸಂದರ್ಶನದ ಮಾತು ಎತ್ತಿದಳು, ಖಾಯಂ ಕೆಲಸ ಎಂದಳು, ಒಂದು ಹೆಬ್ಬೆಟ್ಟಿನ ಮಾತು ಎಂದಳು. ಕೆಂಪಾಜಮ್ಮ ಎಲ್ಲವನ್ನೂ ಕೇಳಿ, ಮಗುವಿಗೆ ಹೇಳುವಷ್ಟೇ ಮೆತ್ತಗೆ ಹೇಳಿದಳು.

"ಹೊಲ ವಾರಕ್ಕೆ ಕೇಳ್ಲಿ, ಪಾಲಿಗೆ ಕೊಡಾವ. ಒಂದ್ ಬೆಳೆ ಬೆಳ್ಕೊಳ್ಲಿ. ಹೊಲನೇ ಬರ್ಕೊಡು ಅಂದ್ರೆ ಆಗಕಿಲ್ಲ ಮಗ. ನೀನೇ ಮಾತ್ ಕೊಟ್ಟಿದ್ದೀಯ, ಮನೆಮನೆಗೆ ಬತ್ತದೆ ಅಂತ."

ಪುಟ್ಟತಾಯಮ್ಮ ಕೂಡ ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟಳು. ಇಷ್ಟು ದಿನ ಸಹಿ ಹಾಕಲು ಜಾಗ ಹುಡುಕುತ್ತಿದ್ದವಳಿಗೆ ಅದೆಷ್ಟು ಕಷ್ಟವಾಗಿರಬೇಕೆಂದು ಸುಕನ್ಯಳಿಗೂ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತು, ಈ ಹೆಂಗಸರನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದೇ ತಪ್ಪು, ವಂದನೆಯ ಸಾಲಿನಲ್ಲಿ ಬಿದ್ದಿದ್ದರೆ ಇವರನ್ನು ಯಾರು ಕೇಳುತ್ತಿದ್ದರು ಎಂದು ಬೈದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೊರಗಿದಳು. ಯಶೋದಮ್ಮನವರ ಮಾತು ಸರಿ ಎಂದು ಅವಳಿಗೆ ಅನಿಸಿದ್ದು ಅದೇ ಮೊದಲು.

ಮೂರ್ತಿ ಎಲ್ಲ ಕೇಳಿ ಗಹಗಹಿಸಿ ನಕ್ಕ. ಅವನ ಅಂಗಡಿಯಲ್ಲಿ ಸೈಬರ್ ಅಲ್ಲದೆ ಜೆರಾಕ್ಸು, ಲ್ಯಾಮಿನೇಷನ್ನು, ಮದುವೆ ಕಾರ್ಡು ಎಲ್ಲ ಇತ್ತು. ಮದುವೆ ಕಾರ್ಡಿನ ಮೇಲೆ ಹಾಕುವ ಗಣಪತಿ ಯಾರದೆಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ ಎಂದ. ಆಮೇಲೆ ಮೇಜಿನ ಖಾನೆ ಎಳೆದು ಇಂಕ್ ಪ್ಯಾಡು ಮುಂದಿಟ್ಟ.

"ನಿಮಗೆ ಹತ್ತು ಬೆರಳವೆ ಮೇಡಂ. ಅವ್ರು ನಾಲ್ಕು ಜನ. ಲಂಡನ್‌ನಿಂದ ಯಾರ್ ಬಂದು ಹೊಲದಲ್ಲಿ ಬೆರಳ್ ನೋಡ್ತಾರೆ?"

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಸುಕನ್ಯ ಹೆಬ್ಬೆರಳನ್ನು ಪ್ಯಾಡಿನ ಮೇಲೆ ಇಟ್ಟೂ ಇಟ್ಟಳು. ಹಾಳು ಕಾಗದದ ಮೇಲೆ ಒಂದು ಸಲ ಒತ್ತಿ ನೋಡಿದಳು. ನೀಲಿಯಾಗಿ, ದುಂಡಗೆ ಮೂಡಿದ ಆ ಗುರುತು ಯಾರದಾದರೂ ಆಗಬಹುದಿತ್ತು. ಯಾರದಾದರೂ ಆಗಬಹುದು ಎಂಬುದೇ ಅವಳಿಗೆ ಹಿಡಿಸಲಿಲ್ಲ. ಅತ್ತೆಯ ಹೆಬ್ಬೆರಳು ಕಳೆ ಕಿತ್ತು ಕಿತ್ತು ಗೆರೆಯೇ ಅಳಿಸಿ ಹೋಗಿರುವ ಬೆರಳು. ಅದನ್ನು ಒತ್ತಲ್ಲ ಎಂದು ಅವಳು ಬಾಯಿ ಬಿಟ್ಟು ಹೇಳಿದ ಮೇಲೆ, ಇವಳು ಒತ್ತಿದರೆ ಮುಯ್ಯಿ ಉಳಿಸಿಕೊಂಡಂತೆಯೂ ಅಲ್ಲ, ಅವರ ಹೊಲಕ್ಕೆ ನುಗ್ಗಿದಂತೆ. ಸುಕನ್ಯ ಕಾಗದ ಹರಿದು ಹಾಕಿ ಬೆರಳು ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದಳು. ಇಂಕು ಸೋಪಿಗೂ ಹೋಗಲಿಲ್ಲ, ವಾರವೆಲ್ಲ ಅವಳ ಪಾಠದ ಸೀಮೆಸುಣ್ಣಕ್ಕೆ ಅಂಟಿತು.

ಅತ್ತೆಯ ಮಾತನ್ನೇ ಇಂಗ್ಲಿಷಿಗೆ ಇಳಿಸಿ ಅವಳು ಪತ್ರಿಕೆಗೆ ಬರೆದಳು. ಹಕ್ಕು ಬರೆದುಕೊಡಲು ನನ್ನ ಜೊತೆಯ ಲೇಖಕಿಯರಿಗೆ ಒಪ್ಪಿಗೆ ಇಲ್ಲ, ಮೊದಲು ಪ್ರಕಟಿಸುವ ಅನುಮತಿಯನ್ನು ಮಾತ್ರ ಕೊಡುತ್ತೇವೆ, ಕನ್ನಡದಲ್ಲಿ ಅಚ್ಚು ಹಾಕಿ ಹಂಚಲು ನಮಗೆ ಬಿಡಬೇಕು ಎಂದು ಕೇಳಿದಳು. ಬಹಳ ವಿನಯದ ಉತ್ತರ ಬಂತು. ನಿಯಮ ಎಲ್ಲರಿಗೂ ಒಂದೇ ಎಂದು ಅವರು ವಿಷಾದಿಸಿದ್ದರು. ಸುಕನ್ಯಳೂ ಅಷ್ಟೇ ವಿನಯದಿಂದ, ನಮ್ಮ ಲೇಖನವನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಬರೆದಳು. ಕಳಿಸುವ ಗುಂಡಿ ಒತ್ತಿದ ಮೇಲೆ ಹಸಿವಾಯಿತು. ಎದುರಿನ ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದಳು.

ಯಶೋದಮ್ಮನವರಿಗೆ ಹೇಳಲೇಬೇಕಿತ್ತು. ಅವರು ಕೂಗಾಡಲಿಲ್ಲ, ಸುಕನ್ಯಳಿಗೆ ಅದಕ್ಕೇ ಹೆಚ್ಚು ಭಯವಾಯಿತು. ನೀನು ಬುದ್ಧಿ ಇರುವವಳು ಅಂದುಕೊಂಡಿದ್ದೆ ಎಂದಷ್ಟೇ ಹೇಳಿ, ಹಾಜರಿ ಪುಸ್ತಕ ಮುಚ್ಚಿದರು.

ಮುಂದಿನ ತಿಂಗಳೆಲ್ಲ ಸುಕನ್ಯ ಮೂರ್ತಿಯ ಅಂಗಡಿಯಲ್ಲಿ ಹುಡುಕಿದಳು. ಒಂದು ಪುಟ ತೆರೆಯುವಷ್ಟರಲ್ಲಿ ಟೀ ತಣ್ಣಗಾಗುತ್ತಿತ್ತು. ಹಾಗೆ ಹುಡುಕುವಾಗಲೇ ಅವಳಿಗೆ ಗೊತ್ತಾದದ್ದು, ತನ್ನಂತೆ ತಲೆ ಕೆಡಿಸಿಕೊಂಡವರು ಲೋಕದ ತುಂಬ ಇದ್ದಾರೆಂದು. ಬರೆದವರ ಹಕ್ಕು ಬರೆದವರಲ್ಲೇ ಉಳಿಯಲಿ, ಓದುವವರಿಗೆ ಬಾಗಿಲು ತೆರೆದಿರಲಿ ಎಂದುಕೊಂಡು ಕೆಲವರು ಪತ್ರಿಕೆಗಳನ್ನೇ ಶುರು ಮಾಡಿದ್ದರು. ಅಂಥದ್ದೊಂದು ನಮ್ಮ ದೇಶದಲ್ಲೇ ಇತ್ತು. ಅಚ್ಚಿನಲ್ಲಿ ಬರುತ್ತಿರಲಿಲ್ಲ, ಇಂಟರ್‌ನೆಟ್ಟಿನಲ್ಲಿ ಮಾತ್ರ. ಇನ್ನೂ ಹೆಸರಿಲ್ಲದ ಪತ್ರಿಕೆ. ಅಲ್ಲೂ ಬೇರೆ ಊರಿನ ಮೇಷ್ಟ್ರುಗಳು ಲೇಖನ ನೋಡಿದರು, ಹೊನಗೊನೆಯ ಚಿತ್ರದಲ್ಲಿ ಹೂವು ಕಾಣುವುದಿಲ್ಲ, ಇನ್ನೊಮ್ಮೆ ಬಿಡಿಸಿ ಎಂದು ಕಾಟ ಕೊಟ್ಟರು. ಸುಕನ್ಯ ಬಿಡಿಸಿದಳು, ಮೊದಲಿಗಿಂತ ಚೆನ್ನಾಗಿ ಬಂತು. ಕೊನೆಗೆ ಅವರೂ ಒಂದು ಒಪ್ಪಿಗೆಯ ಕಾಗದ ಕಳಿಸಿದರು, ಅದಕ್ಕೂ ಎಲ್ಲರ ಸಹಿ ಬೇಕಿತ್ತು.

ಈ ಸಲ ಅವಳು ಜಿಲೇಬಿ ತೆಗೆದುಕೊಂಡು ಹೋಗಲಿಲ್ಲ. ಸುಗ್ಗಿ ಮುಗಿದು ಚಿಕ್ಕಬೀರಮ್ಮನ ಮನೆ ಮುಂದೆ ನಾಲ್ವರೂ ಅವರೆಕಾಯಿ ಸುಲಿಯುತ್ತಿದ್ದರು. ಸುಕನ್ಯ ನಿಂತುಕೊಂಡೇ ಓದಿದಳು. ಹಕ್ಕು ನಿಮ್ಮದೇ. ನಾವು ಪ್ರಕಟಿಸುತ್ತೇವೆ. ಯಾರು ಬೇಕಾದರೂ ಪುಕ್ಕಟೆ ಓದಬಹುದು, ಪ್ರತಿ ಮಾಡಿ ಹಂಚಬಹುದು, ಬೇರೆ ಭಾಷೆಗೆ ಮಾಡಬಹುದು; ಆದರೆ ಎಲ್ಲೇ ಬಳಸಲಿ, ನಿಮ್ಮ ಐವರ ಹೆಸರನ್ನು ಹೇಳಲೇಬೇಕು.

ಕೆಂಪಾಜಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. ಎಲ್ಲರೂ ನೋಡಬಹುದು ಎಂದರೆ ನಮ್ಮ ಮನೆಯವರೂ ಅದರಲ್ಲಿ ಬಂದರಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

"ಮೊದ್ಲೇ ಇದ್ನ ತರೋದಲ್ವಾ? ಸುಮ್ಕೆ ಇಬ್ರೂವೆ ಮುಖ ಊದುಸ್ಕಂಡು ಕುಂತಿದ್ದೊ," ಎಂದು ಬೆರಳು ಚಾಚಿದಳು. ಅವಳು ಒತ್ತಿದ ರಭಸಕ್ಕೆ ಇಂಕು ಹಿಂದಿನ ಪುಟಕ್ಕೂ ಇಳಿಯಿತು. ಪುಟ್ಟತಾಯಮ್ಮ ಸಹಿಗೆ ತೆಗೆದುಕೊಂಡ ಹೊತ್ತಿನಲ್ಲಿ ಉಳಿದವರು ಒಂದು ಮೊರ ಅವರೆಕಾಯಿ ಸುಲಿದರು.

ಯುಗಾದಿ ಕಳೆದ ಮೇಲೆ ಲೇಖನ ಪ್ರಕಟವಾಯಿತು. ಸೋಮವಾರ ಆ ಊರಿನಲ್ಲಿ ನೇಗಿಲು ಕಟ್ಟುವುದಿಲ್ಲ, ಎತ್ತುಗಳಿಗೆ ರಜ. ಅವತ್ತು ನಾಲ್ವರೂ ಒಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಹುಣಸೂರಿಗೆ ಬಂದಿಳಿದರು. ಮೂರ್ತಿ ಇದ್ದಬದ್ದ ಕುರ್ಚಿಗಳನ್ನೆಲ್ಲ ಒಂದೇ ಕಂಪ್ಯೂಟರಿನ ಮುಂದೆ ಹಾಕಿದ. ಬೇರೆ ಗಿರಾಕಿಗಳು ಹೊರಗೆ ನಿಂತರು. ಪುಟ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಇಳಿಯಿತು, ಮೊದಲು ಹೆಸರುಗಳು, ಆಮೇಲೆ ಅಕ್ಷರಗಳು, ಆಮೇಲೆ ಅಣ್ಣೆ ಸೊಪ್ಪಿನ ತುದಿ, ಅದರ ಹೂವು, ಅದರ ಬುಡ. ಯಾರೂ ದುಡ್ಡು ಕೇಳಲಿಲ್ಲ, ಯಾರು ನೀನು ಎಂದೂ ಕೇಳಲಿಲ್ಲ. ಗಣಿಕೆ ಬಂದಾಗ ರಾಚಮ್ಮ ತಡೆಯಲಾರದೆ ಪರದೆ ಮುಟ್ಟಿ, ಹಣ್ಣು ಇನ್ನೂ ಕಾಯಿ ಎಂದಳು. ಅವಳು ಅವತ್ತು ಆಡಿದ ಮಾತು ಅದೊಂದೇ.

ಸುಕನ್ಯ ಎಲ್ಲವನ್ನೂ ಕನ್ನಡಕ್ಕೆ ಮಾಡಿ, ಚಿತ್ರಗಳನ್ನು ದೊಡ್ಡದಾಗಿ ಹಾಕಿ, ಮೂರ್ತಿಯ ಜೆರಾಕ್ಸು ಯಂತ್ರ ಬಿಸಿಯಾಗಿ ನಿಲ್ಲುವವರೆಗೂ ಪ್ರತಿ ತೆಗೆಸಿದಳು. ಕಂಪಲಾಪುರದ ಅಡುಗೆ ಮನೆಗಳಲ್ಲಿ ಒಲೆಯ ಪಕ್ಕದ ಗೋಡೆಗೆ ಬೆರಕೆ ಸೊಪ್ಪಿನ ಪಟ ಬಂತು. ಸೊಸೆಯಂದಿರು ಅದನ್ನು ಹಿಡಿದುಕೊಂಡು ಹೊಲಕ್ಕೆ ಹೋಗಿ, ಸರಿಯಾದದ್ದನ್ನೇ ತಂದರು. ಕೊಟ್ಟ ಮಾತು ನಡೆದಿತ್ತು. ಇನ್ನು ಉಳಿದದ್ದು ಸಂದರ್ಶನ.

ಆ ಬೆಳಿಗ್ಗೆ ಸುಕನ್ಯ ಬೇಗನೇ ಕಾಲೇಜಿಗೆ ಹೋದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಿಕ್ಕ ಅಭ್ಯರ್ಥಿಗಳ ಕೈಯಲ್ಲಿ ದಪ್ಪ ದಪ್ಪ ಫೈಲುಗಳಿದ್ದವು; ಒಬ್ಬಾತ ತನ್ನ ಲೇಖನ ಬಂದ ಪತ್ರಿಕೆಯ ಹೆಸರು ಹೇಳಿದ. ಅವಳು ಬಿಟ್ಟು ಬಂದ ಪತ್ರಿಕೆಯೇ ಅದು. ಒಳಗೆ ಆಡಳಿತ ಮಂಡಳಿಯವರು, ಯಶೋದಮ್ಮನವರು, ಮೈಸೂರಿನಿಂದ ವಿಷಯ ತಜ್ಞರಾಗಿ ಬಂದಿದ್ದ ಬಿಳಿ ಮೀಸೆಯ ಪ್ರೊಫೆಸರರೊಬ್ಬರು ಕೂತಿದ್ದರು. ಮಂಡಳಿಯವರು ಅವಳ ಅರ್ಜಿ ನೋಡಿ, ಇದು ಯಾವ ಪತ್ರಿಕೆ, ಕೇಳಿಯೇ ಇಲ್ಲವಲ್ಲ ಎಂದರು. ಯಶೋದಮ್ಮನವರು ಫ್ಯಾನು ನೋಡಿದರು.

ಪ್ರೊಫೆಸರರು ತಮ್ಮ ಚೀಲದಿಂದ ಕೆಲವು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅವಳದೇ ಲೇಖನ. ಅಂಚಿನಲ್ಲಿ ಅರಿಸಿನದ ಕಲೆ, ಮಧ್ಯದಲ್ಲಿ ಎಣ್ಣೆಯ ಬೆರಳ ಗುರುತು. ಬರುವವರ ಬರಹಗಳನ್ನೆಲ್ಲ ಓದಿಕೊಂಡು ಬರೋಣ ಎಂದು ಮನೆಯಲ್ಲಿ ಕೂತೆ ಎಂದು ಅವರು ಮಂಡಳಿಯವರಿಗೆ ಹೇಳಿದರು. ಉಳಿದವರದು ತೆರೆದರೆ ಎರಡು ಪ್ಯಾರಾ ತೋರಿಸಿ ಡಾಲರು ಕಟ್ಟು ಎಂದವು, ನಮ್ಮ ವಿಭಾಗಕ್ಕೇ ಆ ಪತ್ರಿಕೆ ತರಿಸುವ ಶಕ್ತಿ ಇಲ್ಲ. ಈ ಹುಡುಗಿಯದು ತೆರೆದುಕೊಂಡಿತು. ಪೂರ್ತಿ ಓದಿದೆ, ಓದಿದ ಮೇಲೆ ನನ್ನ ಹೆಂಡತಿ ಕಿತ್ತುಕೊಂಡಳು, ನಿನ್ನೆ ಅಡುಗೆ ಮನೆಯಿಂದ ಬಿಡಿಸಿಕೊಂಡು ಬರಬೇಕಾಯಿತು ಎಂದರು.

ಆಮೇಲೆ ಕನ್ನಡಕ ಏರಿಸಿಕೊಂಡು, ತಲೆಯ ಮೇಲಿದ್ದ ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದಿದರು.

"ಇವರೆಲ್ಲ ಯಾವ ವಿಶ್ವವಿದ್ಯಾನಿಲಯದವರು ಸುಕನ್ಯ ಅವರೇ?"

ಸುಕನ್ಯ ಯಶೋದಮ್ಮನವರ ಕಡೆ ನೋಡಲಿಲ್ಲ. "ಕಂಪಲಾಪುರದವರು ಸಾರ್. ಕಳೆ ಕೀಳುವ ಮುಯ್ಯಾಳು ತಂಡ," ಎಂದಳು. ಕೇಳಿದ್ದು ಒಂದು ಮಾತು, ಅವಳು ಹೇಳಿದ್ದು ಹತ್ತು. ಹೊಲ, ಕರಾರು, ಹೆಬ್ಬೆಟ್ಟು, ಹಿಟ್ಟು ಇಕ್ಕದ ಪತ್ರಿಕೆ ಎಲ್ಲವೂ ಹೊರಗೆ ಬಂತು. ಹಿಟ್ಟಿನ ಮಾತಿಗೆ ಪ್ರೊಫೆಸರರು ಮೇಜು ತಟ್ಟಿ ನಕ್ಕರು. ನಲವತ್ತು ವರ್ಷ ಪುಕ್ಕಟೆ ತಿದ್ದಿದ್ದೇನೆ, ನನಗೂ ಯಾರೂ ಇಕ್ಕಲಿಲ್ಲವಲ್ಲ ಎಂದರು. ಆಗ ಯಶೋದಮ್ಮನವರು ಗಂಟಲು ಸರಿಮಾಡಿಕೊಂಡು, ಎಲ್ಲರ ಹೆಸರೂ ಹಾಕಬೇಕೆಂದು ಈಕೆ ಮೊದಲಿನಿಂದಲೂ ಹಟ ಹಿಡಿದಿದ್ದಳು, ನಾನು ಬಲ್ಲೆ ಎಂದು ಮಂಡಳಿಯವರಿಗೆ ಗಂಭೀರವಾಗಿ ತಿಳಿಸಿದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನೇಮಕದ ಆದೇಶ ಕೈಗೆ ಬಂದ ದಿನ ಸುಕನ್ಯ ನೇರವಾಗಿ ಹೊಲಕ್ಕೆ ಹೋದಳು. ಮೊದಲ ಕಳೆ ನಡೆಯುತ್ತಿತ್ತು. ಕೆಲಸ ಖಾಯಂ ಆಯಿತು ಎಂದಾಗ ನಾಲ್ವರೂ ಅವಳನ್ನು ಹಿಡಿದು, ಮಣ್ಣಿನ ಕೈಯಲ್ಲೇ ದೃಷ್ಟಿ ನಿವಾಳಿಸಿದರು. ಇಸ್ತ್ರಿ ಮಾಡಿದ ಸೀರೆ ಮುಗಿದೇ ಹೋಯಿತು. ಆಮೇಲೆ ಸಂದರ್ಶನದ ಕಥೆ ಮೊದಲಿನಿಂದ ಹೇಳಬೇಕಾಯಿತು. ಪ್ರೊಫೆಸರರ ಹೆಂಡತಿ ಬೆರಕೆ ಸೊಪ್ಪಿಗೆ ಟೊಮೆಟೊ ಹಾಕಿದರೋ ಏನೋ ಎಂದು ಚಿಕ್ಕಬೀರಮ್ಮನಿಗೆ ಚಿಂತೆಯಾಯಿತು. ಕೆಂಪಾಜಮ್ಮನಿಗೆ ತಿಳಿಯಬೇಕಾದದ್ದು ಬೇರೆ.

"ನಮ್ ಹೆಸ್ರುನೂ ಓದುದ್ರಾ?"

ಎಲ್ಲರದೂ ಓದಿದರು, ಜೋರಾಗಿ, ಎಲ್ಲರಿಗೂ ಕೇಳುವಂತೆ ಎಂದು ಸುಕನ್ಯ ಹೇಳಿದಳು. ನನ್ನದನ್ನು ಹೇಗೆ ಓದಿದರು ಎಂದು ಅತ್ತೆ ಕೇಳಿದಳು. ಸುಕನ್ಯ ಪ್ರೊಫೆಸರರಂತೆ ನೆಟ್ಟಗೆ ನಿಂತು, "ಶ್ರೀಮತಿ ಕೆಂಪಾಜಮ್ಮ" ಎಂದಳು.

ಕೆಂಪಾಜಮ್ಮ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಅವ್ವ, ಅತ್ತೆ, ದೊಡ್ಡವ್ವ, ಮೂಲೆಮನೆಯವಳು ಎಂದು ಊರೆಲ್ಲ ಕರೆಯುವ ಹೆಂಗಸು ಅವಳು.

"ನನ್ ಹೆಸ್ರಿಡ್ದು ಕೂಗೋರು ಒಬ್ರೂ ಉಳ್ದಿಲ್ಲ ಕಣವ್ವ. ನಮ್ಮವ್ವ ಸತ್ತೋದ್ಮೇಲೆ ನಾನೇ ಮರ್ತಿದ್ದೆ. ಇನ್ನೊಂದ್ ಕಿತ ಹೇಳು."

ಸುಕನ್ಯ ಇನ್ನೊಂದು ಸಲ ಹೇಳಿದಳು. ಆಗ ಪುಟ್ಟತಾಯಮ್ಮ ನನ್ನದನ್ನೂ ಹೇಳು ಎಂದಳು, ಚಿಕ್ಕಬೀರಮ್ಮ ತನ್ನದನ್ನು ಎರಡು ಸಲ ಹೇಳಬೇಕೆಂದಳು. ಸುಕನ್ಯ ಬದುವಿನ ಮೇಲೆ ಹತ್ತಿ, ತರಗತಿಯಲ್ಲಿ ಹಾಜರಿ ಕೂಗುವಂತೆ ಆ ಹೊಲಕ್ಕೆಲ್ಲ ಕೇಳುವಂತೆ ಒಬ್ಬೊಬ್ಬರದಾಗಿ ಕೂಗಿದಳು. ಕೆಂಪಾಜಮ್ಮ ತನ್ನ ಸರದಿ ಬಂದಾಗ ಮಕ್ಕಳಂತೆ ಕೈ ಎತ್ತಿ "ಇವ್ನಿ" ಎಂದಳು. ಕಣ್ಣು ಒರೆಸಿಕೊಂಡು ನಗುತ್ತಲೇ ಮತ್ತೆ ಸಾಲು ಹಿಡಿದು ಬಗ್ಗಿದಳು.